ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾಂಗ್‌ಕಾಂಗ್‌ನ ಗಾಯಕಿ ಅನಿತಾ ಮುಯ್

ಏಷ್ಯಾದ ಜನಪ್ರಿಯ ಗಾಯಕಿಯರ ಕುರಿತು ಕಳೆದ ಸಂಚಿಕೆಯಲ್ಲಿ ಬಂದಿದ್ದ ಪ್ರಶ್ನೆಗೆ ಉತ್ತರಿಸುವಾಗ, ಕ್ಯಾಂಟನೀಸ್ ಭಾಷೆಯಲ್ಲಿ ಹಾಡಿ ಹೆಸರಾದ ಅನಿತಾ ಮುಯ್ ಅವರನ್ನು ಒಂದೇ ವಾಕ್ಯದಲ್ಲಿ ನೆನೆದು ಮುಂದೆ ಸಾಗಿದ್ದೆವು. ಅಷ್ಟು ಸಾಲದೆಂದು ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಓದುಗರು ಪತ್ರ ಬರೆದಿದ್ದಾರೆ. ಈ ಬಾರಿಯ ಅಂಕಣವನ್ನು ಆ ಗಾಯಕಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹಿಂದಿಗೆ ಡಬ್ ಆದ ಜಾಕಿ ಚಾನ್ ಅವರ ಚಿತ್ರಗಳಲ್ಲಿ ಇದೇ ಹೆಸರಿನ ನಟಿಯನ್ನು ಟಿ.ವಿ.ಯಲ್ಲಿ ನೋಡಿದ ನೆನಪಿದೆ. ಅವರೇ ಇವರೇ? ಕ್ಯಾಂಟನೀಸ್ ಪಾಪ್ ಎಂಬುದು ನಮ್ಮಲ್ಲಿಯಂತೆ ಸಿನಿಮಾ ಹಾಡೇ ಅಥವಾ ಬೇರೆಯೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅವರೇ ಇವರು. ತಾವು ನೋಡಿರುವುದು ಬಹುಶಃ 1995ರ ‘ರಂಬಲ್ ಇನ್ ದ ಬ್ರಾಂಕ್ಸ್’ ಇರಬೇಕು. ಅದಕ್ಕೆ ಹಿಂದಿನ ವರ್ಷ ಬಂದ ‘ಡ್ರಂಕನ್ ಮಾಸ್ಟರ್ 2’ ಚಿತ್ರದಲ್ಲಿ ಅವರು ಜಾಕಿ ಚಾನ್‌ಗೆ ಮಲತಾಯಿಯಾಗಿ ಅಭಿನಯಿಸಿದ್ದಾರೆ. ನಿಜಜೀವನದಲ್ಲಿ ಆ ಮಗನಿಗಿಂತ ಒಂಬತ್ತು ವರ್ಷ ಚಿಕ್ಕವರಾಗಿದ್ದರೂ ಇಡೀ ಚಿತ್ರದಲ್ಲಿ ಎಲ್ಲರನ್ನೂ ನಗಿಸುವ ಪಾತ್ರ ಅದೇ. ನಟಿಯಾಗಿ ಅವರನ್ನು ಹಗುರವಾಗಿ ಕಾಣುವಂತಿಲ್ಲ. ನಿರ್ದೇಶಕ ಸ್ಟ್ಯಾನ್ಲಿ ಕ್ವಾನ್ ಅವರ ‘ರೂಜ್’ ಚಿತ್ರದಲ್ಲಿ, ಅರ್ಧ ಶತಮಾನದ ಹಿಂದೆ ಸತ್ತು ತನ್ನ ಪ್ರಿಯಕರನನ್ನು ಹುಡುಕಿಕೊಂಡು ಬರುವ ವೇಶ್ಯೆಯ ಪ್ರೇತದ ಪಾತ್ರಕ್ಕಾಗಿ ತೈವಾನಿನ ಗೋಲ್ಡನ್ ಹಾರ್ಸ್ ಪ್ರಶಸ್ತಿಯೂ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಯೂ ಅವರಿಗೆ ಸಂದವು. ಆದರೂ ಅವರ ಊರಿನವರು ಅವರನ್ನು ಮೊದಲು ಗಾಯಕಿಯೆಂದೇ ಕರೆಯುತ್ತಾರೆ. 1963ರ ಅಕ್ಟೋಬರ್ 10ರಂದು ಹುಟ್ಟಿದ ಅವರು 2003ರ ಡಿಸೆಂಬರ್ 30ರಂದು, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕ್ಯಾಂಟನೀಸ್ ಎಂಬುದು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ ಮತ್ತು ಹಾಂಗ್‌ಕಾಂಗ್‌ನ ಆಡುಮಾತು. ಎಪ್ಪತ್ತರ ದಶಕದ ಆರಂಭದವರೆಗೂ ಅಲ್ಲಿನ ಓದಿದ ಯುವಕರು ಕೇಳುತ್ತಿದ್ದುದು ಇಂಗ್ಲಿಷ್ ಹಾಡುಗಳನ್ನು ಮತ್ತು ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನ ಹಾಡುಗಳನ್ನು. ತಮ್ಮ ಮನೆಮಾತು ಹಳೆಯ ಸಂಗೀತ ನಾಟಕಕ್ಕೆ ಸರಿ, ಹೊಸ ಕಾಲದ ಹಾಡಿಗೆ ಒಗ್ಗದು ಎಂಬ ಕೀಳರಿಮೆ ಅವರಲ್ಲಿತ್ತು. 1974ರ ಸುಮಾರಿಗೆ ಇದು ಬದಲಾಯಿತು. ಸ್ಯಾಮ್ ಹುಯ್ ಎಂಬ ಗಾಯಕ ಸಂಬಳದ ನೌಕರನ ಗೋಳನ್ನು ಬೀದಿಯ ಮಾತಿನಲ್ಲಿಯೇ ಹಾಡಿ ನಗಿಸಿದರು. ಇನ್ನೊಂದು ಕಡೆ ಟಿ.ವಿ.ಬಿ. ಎಂಬ ದೂರದರ್ಶನ ಸಂಸ್ಥೆ ತನ್ನ ಧಾರಾವಾಹಿಗಳಿಗೆ ಕ್ಯಾಂಟನೀಸ್ ಶೀರ್ಷಿಕೆಗೀತೆಗಳನ್ನು ಮಾಡಿಸತೊಡಗಿತು. ಜೋಸೆಫ್ ಕೂ ಅವರ ರಾಗಸಂಯೋಜನೆ ಮತ್ತು ಜೇಮ್ಸ್ ವಾಂಗ್ ಅವರ ಸಾಹಿತ್ಯ ಸೇರಿ ಹುಟ್ಟಿದ ಅಂಥ ಹಾಡುಗಳು ದಿನವೂ ಸಂಜೆ ಮನೆಮನೆಯಲ್ಲಿ ಕೇಳಿಬಂದವು. ಹೀಗಾಗಿ ಸಿನಿಮಾ ಈ ಸಂಗೀತಕ್ಕೆ ಒಂದು ಬಾಗಿಲು ಮಾತ್ರ. ಟಿ.ವಿ., ಧ್ವನಿಮುದ್ರಿಕೆ ಕಂಪನಿ ಮತ್ತು ರಂಗ ಕಾರ್ಯಕ್ರಮಗಳೇ ಅದರ ಮುಖ್ಯ ಆಸರೆಗಳು.

ಪ್ರಶ್ನೆ: ಜಾತ್ರೆ, ಗಣೇಶೋತ್ಸವ, ಮದುವೆಗಳಲ್ಲಿ ನಡೆಯುವ ಆರ್ಕೆಸ್ಟ್ರಾಗಳಲ್ಲಿ ನಾನು ಹಾಡುತ್ತೇನೆ. ಅನಿತಾ ಮುಯ್ ಕೂಡ ಚಿಕ್ಕಂದಿನಿಂದ ಇಂಥದೇ ಕಾರ್ಯಕ್ರಮಗಳಲ್ಲಿ ಹಾಡಿ ಬೆಳೆದವರೆಂದು ಕೇಳಿದ್ದೇನೆ. ಒಂದು ಸ್ಪರ್ಧೆ ಗೆದ್ದ ಮಾತ್ರಕ್ಕೆ ಅವರ ಬದುಕು ಬದಲಾಯಿತೇ? ಹಾಡುವ ಹೆಣ್ಣುಮಕ್ಕಳನ್ನು ಕಂಡರೆ ಮೂಗು ಮುರಿಯುವ ಜನ ಅಲ್ಲಿಯೂ ಇದ್ದರೇ?
— ಗಾಯಕಿ, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ. ಇದ್ದರು. ಶಾಲೆಯಲ್ಲಿ ಜೊತೆಯ ಮಕ್ಕಳು ತಮ್ಮನ್ನು ದೂರವಿಡುತ್ತಿದ್ದರು, ರಾತ್ರಿ ಹಾಡಲು ಹೋಗುವ ಹುಡುಗಿಯೆಂದು ಕೀಳಾಗಿ ಕಾಣುತ್ತಿದ್ದರು ಎಂಬುದನ್ನು ಅವರು ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಧಾರವಾಡದ ಶುಕ್ರವಾರಪೇಟೆಯಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ಲರು ದಾರಿಹೋಕರ ಕುಹಕ ಕೇಳಿಸಿಕೊಂಡೇ ಬೆಳೆದರೆಂಬುದು ನಮ್ಮ ಓದುಗರಿಗೆ ಗೊತ್ತಿರುವ ಸಂಗತಿ. ಊರು ಬೇರೆ, ಕಾಲ ಬೇರೆ. ಆದರೆ ಆ ಕುಹಕದ ಧ್ವನಿ ಎರಡೂ ಕಡೆ ಒಂದೇ ತೆರನಾಗಿತ್ತು.

ಅನಿತಾ ನಾಲ್ಕು ಮಕ್ಕಳಲ್ಲಿ ಕೊನೆಯವರು. ತಂದೆ ಬೇಗನೆ ತೀರಿಕೊಂಡಿದ್ದರಿಂದ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿತ್ತು. ತಾಯಿ ಕಟ್ಟಿದ್ದ ಮೇಳದಲ್ಲಿ, ಇನ್ನೂ ಐದು ತುಂಬುವ ಮೊದಲೇ, ಅಕ್ಕ ಆ್ಯನ್ ಜೊತೆಗೆ ಅವರು ರಂಗ ಹತ್ತಿದರು. 1949ರಲ್ಲಿ ಆರಂಭವಾಗಿದ್ದ ಲಾಯ್ ಚಿ ಕೊಕ್ ಮನೋರಂಜನಾ ಉದ್ಯಾನದಲ್ಲಿ, ಅಂದರೆ ತೊಟ್ಟಿಲು ತೂಗುವ, ತಿನಿಸು ಮಾರುವ ಗದ್ದಲದ ನಡುವೆ ನಿಂತು ಹಾಡುವುದು ಅವರ ಮೊದಲ ಪಾಠವಾಯಿತು. ಆಮೇಲೆ ರಾತ್ರಿ ಕ್ಲಬ್ಬುಗಳು. ಒಂದೇ ರಾತ್ರಿ ಒಂದು ಕಡೆ ಹಾಡಿ ಮುಗಿಸಿ ಇನ್ನೊಂದು ಕಡೆಗೆ ಓಡುವುದು. ಶಾಲೆ ಹದಿಹರೆಯದ ಮೊದಲ ವರ್ಷಗಳಲ್ಲಿಯೇ ನಿಂತುಹೋಯಿತು. ಕೇಳುಗರು ಯಾವ ತಾರೆಯ ಹಾಡನ್ನು ಕೇಳಿದರೂ ಅದೇ ಢಂಗಿನಲ್ಲಿ ಹಾಡಿ ಒಪ್ಪಿಸಬೇಕಾದ ಆ ಕಸುಬು ಎಂಥದೆಂದು ತಮಗೆ ನಾವು ವಿವರಿಸಬೇಕಾಗಿಲ್ಲ.

1982ರಲ್ಲಿ ಟಿ.ವಿ.ಬಿ. ಮತ್ತು ಕ್ಯಾಪಿಟಲ್ ಆರ್ಟಿಸ್ಟ್ಸ್ ಎಂಬ ಧ್ವನಿಮುದ್ರಿಕೆ ಕಂಪನಿ ಸೇರಿ ಹೊಸ ಗಾಯಕರಿಗಾಗಿ ಮೊದಲ ಬಾರಿ ಸ್ಪರ್ಧೆ ನಡೆಸಿದಾಗ, ಹದಿನೆಂಟು ವರ್ಷದ ಅನಿತಾ ಆಗಿನ ಪ್ರಸಿದ್ಧ ಗಾಯಕಿ ಪೌಲಾ ಟ್ಸುಯ್ ಅವರ ಹಾಡೊಂದನ್ನು ಹಾಡಿ ಗೆದ್ದರು. ಕಂಪನಿಯೊಡನೆ ಒಪ್ಪಂದವೂ ಆಯಿತು, ಧಾರಾವಾಹಿಯ ಶೀರ್ಷಿಕೆಗೀತೆಯ ಅವಕಾಶವೂ ಸಿಕ್ಕಿತು. ಹಾಗಾಗಿ ಬದುಕು ಬದಲಾಯಿತು ಎನ್ನುವುದು ಸುಳ್ಳಲ್ಲ. ಆದರೆ ಹೊಸಬರಿಗಾಗಿ ಇಟ್ಟ ಆ ಸ್ಪರ್ಧೆಯಲ್ಲಿ ಗೆದ್ದವರು ಅಷ್ಟರಲ್ಲಿಯೇ ಹದಿಮೂರು ವರ್ಷಕ್ಕೂ ಮಿಕ್ಕಿ ರಂಗದ ಮೇಲೆ ದುಡಿದವರಾಗಿದ್ದರು. ಅಂದು ಜನರು ಕಂಡದ್ದು ಆ ಕಸುಬನ್ನೇ.

ಮರುವರ್ಷವೇ, 1983ರಲ್ಲಿ, ಹುಂಗ್ ಹೊಮ್ ರೈಲುನಿಲ್ದಾಣದ ಬಳಿ ಹಾಂಗ್‌ಕಾಂಗ್ ಕೊಲಿಸಿಯಂ ತೆರೆಯಿತು. ಸುಮಾರು 12,500 ಆಸನಗಳ ಈ ಸಭಾಂಗಣದಲ್ಲಿ ರಂಗವನ್ನು ನಡುವೆ ಹಾಕಿದರೆ ನಾಲ್ಕೂ ದಿಕ್ಕಿನಲ್ಲಿ ಪ್ರೇಕ್ಷಕರು ಕೂಡುತ್ತಾರೆ. ಬೆನ್ನು ತಿರುಗಿಸಿ ಒಂದು ಗಳಿಗೆ ಉಸಿರು ತೆಗೆದುಕೊಳ್ಳಲೂ ಅಲ್ಲಿ ಜಾಗವಿಲ್ಲ. ಸ್ಟುಡಿಯೋದಲ್ಲಿಯೇ ತಯಾರಾದ ಗಾಯಕರು ಅಂಥ ಕಡೆ ತಬ್ಬಿಬ್ಬಾಗುವುದು ಸಹಜ. ಅನಿತಾಗೆ ಮಾತ್ರ ಅದು ಉದ್ಯಾನದ ಗದ್ದಲದ ದೊಡ್ಡ ರೂಪವಾಗಿ ಕಂಡಿರಬೇಕು. 1987ರ ಕೊನೆಯಿಂದ 1988ರ ಆರಂಭದವರೆಗೆ ಅವರು ಅಲ್ಲಿ 28 ರಾತ್ರಿ ಕಾರ್ಯಕ್ರಮ ನೀಡಿದರು. ವಸ್ತ್ರವಿನ್ಯಾಸಕ ಎಡ್ಡಿ ಲಾವ್ ಪ್ರತಿ ಧ್ವನಿಮುದ್ರಿಕೆಗೂ ಪ್ರತಿ ಪ್ರದರ್ಶನಕ್ಕೂ ಅವರಿಗೆ ಹೊಸ ರೂಪ ಕೊಟ್ಟರು. ಒಮ್ಮೆ ಗಂಡಸಿನ ಸೂಟು, ಒಮ್ಮೆ ಚರ್ಮದ ಉಡುಪು, ಒಮ್ಮೆ ಹಳೆಯ ಕಾಲದ ರಾಣಿಯಂಥ ಶೃಂಗಾರ. 1985ರ ‘ಕೆಟ್ಟ ಹುಡುಗಿ’ ಎಂಬ ಹಾಡು ಮರ್ಯಾದಸ್ಥರ ಹುಬ್ಬು ಗಂಟಿಕ್ಕಿಸಿತು, ಮಾರಾಟವನ್ನೂ ಏರಿಸಿತು. ಪತ್ರಿಕೆಗಳು ಅವರನ್ನು ಪೂರ್ವದ ಮಡೋನಾ ಎಂದು ಕರೆದದ್ದು ಇದೇ ದಿನಗಳಲ್ಲಿ. ಆ ಬಿರುದು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ವೇಷ ಬದಲಿಸುವ ಧೈರ್ಯದಲ್ಲಿ ಹೋಲಿಕೆ ಇರಬಹುದು, ಕಂಠದಲ್ಲಂತೂ ಇಲ್ಲ.

ಪ್ರಶ್ನೆ: ಅವರ ಹಾಡೊಂದನ್ನು ನನ್ನ ಮೊಮ್ಮಗಳು ಕೇಳಿಸಿದಳು. ಮೊದಲಿಗೆ ಗಂಡಸಿನ ಧ್ವನಿಯೆಂದೇ ಭಾವಿಸಿದೆ. ಸಂಗೀತಶಿಕ್ಷಕನಾದ ನನಗೆ ತಕ್ಷಣ ನೆನಪಾದವರು ಗಂಗೂಬಾಯಿ ಹಾನಗಲ್ಲರು. ಈ ಹೋಲಿಕೆ ಸರಿಯೇ? ಅವರು ಯಾರಲ್ಲಿ ಕಲಿತರು?
— ನಿವೃತ್ತ ಸಂಗೀತಶಿಕ್ಷಕರು, ಗದಗ

ಉತ್ತರ: ಹೋಲಿಕೆ ಗಂಟಲಿನ ಮಟ್ಟಿಗೆ ಸರಿ, ಅದರಾಚೆಗೆ ಎಳೆಯಬಾರದು. ಗಂಗೂಬಾಯಿಯವರ ಎಳೆಯ ವಯಸ್ಸಿನ ಮುದ್ರಿಕೆಗಳಲ್ಲಿ, ಅವು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದವು, ಧ್ವನಿ ತೆಳುವಾಗಿ, ಎತ್ತರದಲ್ಲಿ ನಿಲ್ಲುತ್ತದೆ. ಗಂಟಲಿನ ಚಿಕಿತ್ಸೆಯ ಬಳಿಕ ಅದು ನಾವೆಲ್ಲ ಬಲ್ಲ ಆ ಘನವಾದ ಧ್ವನಿಯಾಯಿತು. ಅನಿತಾ ಅವರದೂ ಹೆಚ್ಚುಕಡಿಮೆ ಇಂಥದೇ ಕಥೆ. ಬಿಡುವಿಲ್ಲದೆ ರಾತ್ರಿಯೆಲ್ಲ ಹಾಡಿದ್ದರಿಂದ ಹದಿಹರೆಯದಲ್ಲಿಯೇ ಅವರ ಧ್ವನಿತಂತುಗಳ ಮೇಲೆ ಗಂಟುಗಳಾದವು. ವೈದ್ಯರ ಮಾತಿನಂತೆ ಸುಮಾರು ಒಂದು ವರ್ಷ ಹಾಡುವುದನ್ನು ನಿಲ್ಲಿಸಿದರು. ಮತ್ತೆ ಹಾಡಲು ನಿಂತಾಗ ಧ್ವನಿ ಒಂದು ಸಪ್ತಕದಷ್ಟು ಕೆಳಗೆ ಇಳಿದಿತ್ತು. ಗಂಟುಗಳಾದಾಗ ಅವರಿಗೆ ಹದಿನೈದು ವರ್ಷ.

ಧ್ವನಿತಂತುಗಳ ಗಂಟು ಎಂಬುದು ತಂತುಗಳು ಒಂದಕ್ಕೊಂದು ಬಲವಾಗಿ, ಬಹಳ ಹೊತ್ತು ಬಡಿದುಕೊಂಡಾಗ ಆ ಜಾಗ ದಡ್ಡುಗಟ್ಟುವುದರಿಂದ ಆಗುವ ತೊಂದರೆ. ತಂತು ದಪ್ಪವಾದಷ್ಟೂ ಅದರ ಕಂಪನ ನಿಧಾನವಾಗಿ ಸ್ವರ ಕೆಳಗಿಳಿಯುತ್ತದೆ, ಧ್ವನಿಯಲ್ಲಿ ಉಸಿರು ಬೆರೆಯುತ್ತದೆ. ಟಿ.ವಿ. ಸ್ಪರ್ಧೆಗಾಗಿ ಹತ್ತು ವರ್ಷದ ಮಕ್ಕಳನ್ನು ತಾರಸ್ಥಾಯಿಯಲ್ಲಿ ದಿನವಿಡೀ ಹಾಡಿಸುವ ಪಾಲಕರಿಗೆ ತಾವು ಈ ಮಾತನ್ನು ತಿಳಿಸಿ ಹೇಳಿದರೆ ಉಪಕಾರವಾದೀತು. ಅನಿತಾ ಅವರ ಕಂಠ ಆ ಪೆಟ್ಟನ್ನು ತಾಳಿಕೊಂಡಿತು ಎಂಬುದು ಉಳಿದವರಿಗೆ ಭರವಸೆಯಾಗಲಾರದು.

ಇನ್ನು ಶಿಕ್ಷಣದ ಮಾತು. ಗಂಗೂಬಾಯಿಯವರಿಗೆ ಕುಂದಗೋಳದ ಸವಾಯಿ ಗಂಧರ್ವರಿದ್ದರು, ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಒಂದೊಂದು ಪಲುಕನ್ನು ಹಗಲೆಲ್ಲ ತಿದ್ದಿಕೊಂಡ ವರ್ಷಗಳಿದ್ದವು. ಅನಿತಾ ಅವರಿಗೆ ಅಂಥ ಗುರುಮನೆ ಇರಲಿಲ್ಲ. ಖ್ಯಾಲ್ ಗಾಯಕಿ ಒಂದು ರಾಗವನ್ನು ಗಂಟೆಗಟ್ಟಲೆ ಬಿಡಿಸಿ ತೋರಿಸಬೇಕು. ಪಾಪ್ ಗಾಯಕಿಗೆ ಸಿಗುವುದು ನಾಲ್ಕು ನಿಮಿಷ, ಜೊತೆಗೆ ತುಟಿಯ ಬಳಿ ಒಂದು ಮೈಕು. ಆ ನಾಲ್ಕು ನಿಮಿಷದಲ್ಲಿ ಅನಿತಾ ಮಾಡುತ್ತಿದ್ದುದು ಸಾಲಿನ ಕೊನೆಯ ಅಕ್ಷರವನ್ನು ಎಳೆಯದೆ, ಅಲಂಕರಿಸದೆ, ಸರಿಯಾದ ಗಳಿಗೆಯಲ್ಲಿ ಬಿಟ್ಟುಕೊಡುವುದು. ಬೇರೆ ಗಾಯಕಿಯರು ಅಳುವನ್ನು ಧ್ವನಿಯಲ್ಲಿ ತಂದು ತೋರಿಸುತ್ತಿದ್ದ ಕಡೆ ಅವರು ಅಳು ಮುಗಿದ ಬಳಿಕದ ಮಾತಿನಂತೆ ಹಾಡುತ್ತಿದ್ದರು. ಅಗಲಿಕೆ, ಕಳೆದುಹೋದ ಕಾಲ, ಪಶ್ಚಾತ್ತಾಪವಿಲ್ಲದ ಸೋಲು ಮುಂತಾದ ವಸ್ತುಗಳಿಗೆ ಆ ಮಂದ್ರ ಧ್ವನಿ ಹೇಳಿ ಮಾಡಿಸಿದಂತಿತ್ತು. ಇಪ್ಪತ್ತೊಂದು ವರ್ಷದ ಹುಡುಗಿ ಐವತ್ತರ ಹೆಣ್ಣಿನ ಹಾಡನ್ನು ನಂಬುವಂತೆ ಹಾಡಿದಳೆಂದರೆ ಅದಕ್ಕೆ ಕಂಠದಷ್ಟೇ ಬಾಲ್ಯವೂ ಕಾರಣವಿರಬೇಕು.

ಪ್ರಶ್ನೆ: ಅವರ ಜನಪ್ರಿಯ ಹಾಡುಗಳಲ್ಲಿ ಹಲವು ಜಪಾನಿ ಹಾಡುಗಳ ನಕಲು ಎಂದು ಓದಿದೆ. ಎರವಲು ರಾಗಗಳ ಮೇಲೆ ನಿಂತ ಗಾಯಕಿಯನ್ನು ಇಷ್ಟು ಹೊಗಳುವುದೇಕೆ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಓದಿದ್ದು ನಿಜ. 1980ರಲ್ಲಿ ನಿವೃತ್ತರಾದ ಜಪಾನಿನ ಗಾಯಕಿ ಮೊಮೊಎ ಯಾಮಾಗುಚಿ ಅವರ ರಾಗಗಳನ್ನು ಅನಿತಾ ತಮ್ಮ ಆರಂಭದ ವರ್ಷಗಳಲ್ಲಿ ಕ್ಯಾಂಟನೀಸ್‌ನಲ್ಲಿ ಹಾಡಿ ಗೆದ್ದರು. ‘ಕೆಟ್ಟ ಹುಡುಗಿ’ಯ ಧಾಟಿ ಶೀನಾ ಈಸ್ಟನ್ ಅವರ ಇಂಗ್ಲಿಷ್ ಹಾಡಿನದು, ಸಾಹಿತ್ಯ ಮಾತ್ರ ಲಾಮ್ ಚುನ್-ಕೆಯುಂಗ್ ಅವರದು. ಆದರೆ ಇದನ್ನು ಕಳವು ಎನ್ನಲಾಗದು. ಎಂಬತ್ತರ ದಶಕದಲ್ಲಿ ಹಾಂಗ್‌ಕಾಂಗ್‌ನ ಕಂಪನಿಗಳು ಹಕ್ಕು ಪಡೆದು ವಿದೇಶಿ ರಾಗಗಳನ್ನು ಬಳಸುತ್ತಿದ್ದುದು ವಾಡಿಕೆ. ಮಾರುಕಟ್ಟೆ ಬೆಳೆದ ವೇಗಕ್ಕೆ ಊರಿನ ಸಂಗೀತ ಸಂಯೋಜಕರ ಸಂಖ್ಯೆ ಸಾಲುತ್ತಿರಲಿಲ್ಲ.

ಇದಕ್ಕೆ ಭಾಷೆಯ ಕಾರಣವೂ ಒಂದಿದೆ. ಕ್ಯಾಂಟನೀಸ್‌ನಲ್ಲಿ ಆರು ಸ್ವರಭೇದಗಳಿವೆ. ಒಂದೇ ಉಚ್ಚಾರವನ್ನು ಏರಿಸಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ಹಾಡಿನ ರಾಗ ಏರಬೇಕಾದ ಕಡೆ ಇಳಿಯುವ ಪದವನ್ನು ಇಟ್ಟರೆ ಕೇಳುಗನಿಗೆ ಬೇರೆಯೇ ಪದ ಕೇಳಿಸುತ್ತದೆ. ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ರಾಗ ಮೊದಲು, ಸಾಹಿತ್ಯ ಆಮೇಲೆ. ಸಿದ್ಧವಿರುವ ರಾಗದ ಏರಿಳಿತಕ್ಕೆ ಸರಿಹೊಂದುವ ಪದಗಳನ್ನೇ ಹುಡುಕಿ ಜೋಡಿಸುವುದು ಗೀತರಚನಕಾರನ ಕೆಲಸ. ಹೇಗೂ ರಾಗಕ್ಕೆ ಪದ ತುಂಬಬೇಕು ಎಂದ ಮೇಲೆ ಆ ರಾಗ ಟೋಕಿಯೋದ್ದಾದರೂ ಶ್ರಮ ಅಷ್ಟೇ. ನಮ್ಮ ಕಂಪನಿ ನಾಟಕಗಳ ಹಳೆಯ ಪದಗಳ ಪುಸ್ತಕಗಳನ್ನು ತೆರೆದು ನೋಡಿ. ಪ್ರತಿ ಪದದ ತಲೆಯ ಮೇಲೆ ಯಾವುದೋ ಮರಾಠಿ ಅಥವಾ ಹಿಂದುಸ್ತಾನಿ ಹಾಡಿನ ಮಟ್ಟು ಸೂಚಿಸಿರುತ್ತದೆ. ಅದನ್ನು ಹಾಡಿ ಚಪ್ಪಾಳೆ ಗಿಟ್ಟಿಸಿದ ನಟರನ್ನು ನಾವು ನಕಲುಗಾರರೆಂದು ಕರೆದಿಲ್ಲ.

ಎರವಲಿನ ಅಪಾಯ ಇಲ್ಲವೆಂದಲ್ಲ. 1989ರಲ್ಲಿ ಮಸಾಹಿಕೊ ಕೊಂಡೊ ಎಂಬ ಜಪಾನಿ ಗಾಯಕನ ಒಂದೇ ರಾಗಕ್ಕೆ ಹಾಂಗ್‌ಕಾಂಗ್‌ನಲ್ಲಿ ಎರಡು ಹಾಡುಗಳು ಹುಟ್ಟಿದವು. ಒಂದು ಅನಿತಾ ಅವರ ‘ಸಂಜೆಸೂರ್ಯನ ಹಾಡು’, ಇನ್ನೊಂದು ಪ್ರಿಸಿಲ್ಲಾ ಚಾನ್ ಅವರು ವಿದೇಶದ ಓದಿಗೆ ಹೊರಡುವ ಮುನ್ನ ಹಾಡಿದ ವಿದಾಯಗೀತೆ. ವಿದಾಯಗೀತೆ ಊರಿನ ಎಲ್ಲರ ಬಾಯಲ್ಲಿತ್ತು, ಟಿ.ವಿ.ಬಿ.ಯ ವರ್ಷದ ಹಾಡಿನ ಪ್ರಶಸ್ತಿ ಮಾತ್ರ ಅನಿತಾ ಅವರಿಗೆ ಹೋಯಿತು. ಅಭಿಮಾನಿಗಳ ಜಗಳ ತಾರಕಕ್ಕೇರಿತು. 1985ರಿಂದ 1989ರವರೆಗೆ ಸತತ ಐದು ವರ್ಷ ಅದೇ ಸಂಸ್ಥೆಯ ಮೆಚ್ಚಿನ ಗಾಯಕಿ ಪ್ರಶಸ್ತಿ ಪಡೆದಿದ್ದ ಅನಿತಾ, ಹೊಸಬರಿಗೆ ದಾರಿ ಬಿಡಬೇಕೆಂದು 1990ರಲ್ಲಿ ಇನ್ನು ಮುಂದೆ ಸ್ಪರ್ಧೆಯ ಪ್ರಶಸ್ತಿಗಳನ್ನು ಸ್ವೀಕರಿಸುವುದಿಲ್ಲ ಎಂದು ಸಾರಿದರು. ಮರುವರ್ಷ ರಂಗಕ್ಕೂ ವಿದಾಯ ಹೇಳಿದರು. ಆ ವಿದಾಯ ಉಳಿಯಲಿಲ್ಲ, 1994ರಲ್ಲಿ ಮರಳಿ ಬಂದರು. ಅಷ್ಟು ಚಿಕ್ಕವರಾಗಿ ರಂಗಕ್ಕೆ ಬಿದ್ದವರು ಅದನ್ನು ಬಿಟ್ಟು ಇರುತ್ತಾರೆಂದು ನಂಬಿದವರದೇ ತಪ್ಪು. ಮುಂದೆ 35ನೆಯ ವಯಸ್ಸಿನಲ್ಲಿಯೇ ಹಾಂಗ್‌ಕಾಂಗ್‌ನ ಸರಕಾರಿ ಬಾನುಲಿಯ ಜೀವಮಾನದ ಸಾಧನೆಯ ಗೌರವವಾದ ‘ಚಿನ್ನದ ಸೂಜಿ’ ಅವರಿಗೆ ಬಂದಿತು. ಅದು ಸ್ಪರ್ಧೆಯದಲ್ಲವಾದ್ದರಿಂದ ಸ್ವೀಕರಿಸಿದರು.

ಪ್ರಶ್ನೆ: ಅವರ ಆಸ್ತಿಗಾಗಿ ಹೆತ್ತ ತಾಯಿಯೇ ಕೋರ್ಟಿಗೆ ಹೋದರೆಂಬುದು ನಿಜವೇ?
— ಓದುಗರು, ಹಾನಗಲ್, ಹಾವೇರಿ ಜಿಲ್ಲೆ

ಉತ್ತರ: ನಿಜ. ಸಾಯುವ ಕೆಲವು ವಾರಗಳ ಮೊದಲು ಅನಿತಾ ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿ, ತಾಯಿಗೆ ತಿಂಗಳು ತಿಂಗಳು ನಿಗದಿತ ಹಣ ಸಿಗುವಂತೆ ಮಾಡಿದ್ದರು. ಇಡೀ ಆಸ್ತಿ ತಮಗೆ ಬರಬೇಕೆಂದು ತಾಯಿ ಹೂಡಿದ ದಾವೆ ವರ್ಷಗಟ್ಟಲೆ ನಡೆದು, ಅವರಿಗೆ ವಿರುದ್ಧವಾಗಿ ಮುಗಿಯಿತು. ಗಾಯಕಿಯ ಕಲೆಗೆ ಸಂಬಂಧವಿಲ್ಲದ ಈ ವಿಷಯವನ್ನು ಇಷ್ಟಕ್ಕೇ ಬಿಡುತ್ತೇವೆ.

ಪ್ರಶ್ನೆ: ಕಾಯಿಲೆಯಿದ್ದೂ ಅವರು ಕೊನೆಯ ಕಾರ್ಯಕ್ರಮಗಳನ್ನು ನೀಡಿದರಂತೆ. ಅದರ ಬಗ್ಗೆ ತಿಳಿಸಿ. ಭಾಷೆ ಬಾರದ ನಾವು ಅವರ ಹಾಡುಗಳನ್ನು ಎಲ್ಲಿಂದ ಕೇಳಲು ಆರಂಭಿಸಬೇಕು? ಅವರ ಪರಂಪರೆ ಮುಂದುವರಿದಿದೆಯೇ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: 2003 ಹಾಂಗ್‌ಕಾಂಗ್‌ಗೆ ಕೆಟ್ಟ ವರ್ಷ. ಸಾರ್ಸ್ ರೋಗ ಆ ಒಂದು ನಗರದಲ್ಲಿ 1,755 ಜನರಿಗೆ ತಗುಲಿ 299 ಜನರನ್ನು ಬಲಿ ತೆಗೆದುಕೊಂಡಿತು. ಏಪ್ರಿಲ್ 1ರಂದು ಅನಿತಾ ಅವರ ಆಪ್ತಮಿತ್ರ, ‘ರೂಜ್’ ಚಿತ್ರದ ನಾಯಕ, ಗಾಯಕ ಲೆಸ್ಲಿ ಚಾಂಗ್ ಆತ್ಮಹತ್ಯೆ ಮಾಡಿಕೊಂಡರು. ಕಲಾವಿದರ ಸಂಘದ ಮುಂದಾಳಾಗಿದ್ದ ಅನಿತಾ ಮೇ ತಿಂಗಳಲ್ಲಿ ಸಾರ್ಸ್ ಸಂತ್ರಸ್ತರ ನೆರವಿಗಾಗಿ ಊರಿನ ಗಾಯಕರನ್ನೆಲ್ಲ ಕ್ರೀಡಾಂಗಣವೊಂದರಲ್ಲಿ ಸೇರಿಸಿ ಸಂಗೀತ ಕಾರ್ಯಕ್ರಮ ನಡೆಸಿದರು. ಸೆಪ್ಟೆಂಬರ್‌ನಲ್ಲಿ ಪತ್ರಕರ್ತರನ್ನು ಕರೆದು ತಮಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂದು ತಾವೇ ತಿಳಿಸಿದರು. ಜೊತೆಗೆ ಹಾಡುತ್ತ ಬೆಳೆದ ಅಕ್ಕ ಆ್ಯನ್ 2000ದಲ್ಲಿ ಇದೇ ರೋಗದಿಂದ ತೀರಿಕೊಂಡಿದ್ದರು.

ನವೆಂಬರ್ 6ರಿಂದ 11ರವರೆಗೆ, ಆಮೇಲೆ 14 ಮತ್ತು 15ರಂದು, ಒಟ್ಟು ಎಂಟು ರಾತ್ರಿ ಅವರು ಅದೇ ಕೊಲಿಸಿಯಂನಲ್ಲಿ ಹಾಡಿದರು. ಧ್ವನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ, ಸಾಲುಗಳ ನಡುವೆ ಉಸಿರು ಕೇಳಿಸುತ್ತದೆ. ಆದರೆ ವೇಷಗಳೂ ಮೆಟ್ಟಿಲುಗಳೂ ನರ್ತಕರೂ ಯಾವುದೂ ಕಡಿಮೆಯಾಗಲಿಲ್ಲ. ಮದುವೆಯಾಗದ ಅವರು ಕೊನೆಯಲ್ಲಿ ಎಡ್ಡಿ ಲಾವ್ ಹೊಲಿಸಿದ ಬಿಳಿಯ ಮದುವಣಗಿತ್ತಿಯ ಉಡುಪು ತೊಟ್ಟು, ತಾವು ಕೈಹಿಡಿದದ್ದು ರಂಗವನ್ನು ಎಂಬ ಅರ್ಥದ ಮಾತು ಹೇಳಿ ‘ಸಂಜೆಸೂರ್ಯನ ಹಾಡು’ ಹಾಡಿದರು. ಇದನ್ನು ಕೇವಲ ಕರುಣಾಜನಕ ಘಟನೆಯಾಗಿ ನೋಡುವವರ ಜೊತೆ ನಾವಿಲ್ಲ. ಉಸಿರು ಎಷ್ಟಿದೆಯೋ ಅಷ್ಟಕ್ಕೆ ಸಾಲನ್ನು ಹೊಂದಿಸಿಕೊಂಡು, ಎಲ್ಲಿ ಹಾಡಬೇಕು, ಎಲ್ಲಿ ಮಾತಾಡಿ ಸಮಯ ಗಳಿಸಬೇಕು ಎಂಬುದನ್ನು ಬಲ್ಲ ಹಳೆಯ ಕಸುಬುದಾರಳ ಲೆಕ್ಕಾಚಾರ ಅಲ್ಲಿ ಪ್ರತಿ ನಿಮಿಷವೂ ಕಾಣುತ್ತದೆ.

ಪರಂಪರೆಯ ಮಾತಿಗೆ ಬಂದರೆ, ಗುರುವಿಲ್ಲದೆ ಬೆಳೆದ ಅವರೇ ಗುರುವಾದದ್ದು ವಿಶೇಷ. ಗ್ರಾಸ್‌ಹಾಪರ್ ಎಂಬ ಮೂವರ ತಂಡ, ಆಂಡಿ ಹುಯ್, ಡೆನಿಸ್ ಹೋ ಇವರೆಲ್ಲ ಅವರನ್ನು ಬಹಿರಂಗವಾಗಿಯೇ ಗುರುವೆಂದು ಕರೆದವರು. 1996ರಲ್ಲಿ ಅದೇ ಹೊಸ ಗಾಯಕರ ಸ್ಪರ್ಧೆ ಗೆದ್ದ ಡೆನಿಸ್ ಹೋ ಅವರ ಧ್ವನಿಯೂ ಮಂದ್ರದ್ದೇ. ತಮ್ಮ ಕಾರ್ಯಕ್ರಮಗಳಲ್ಲಿ ಶಿಷ್ಯರನ್ನು ಹಿಂದೆ ನಿಲ್ಲಿಸದೆ ಅವರಿಗೂ ಹಾಡಲು ಅವಕಾಶ ಕೊಡುವುದು ಅನಿತಾ ಅವರ ಪದ್ಧತಿಯಾಗಿತ್ತು.

ಕೇಳಲು ಆರಂಭಿಸುವುದಾದರೆ, ಜಪಾನಿನ ಸಂಯೋಜಕ ಕಿಟಾರೊ 1984ರ ಚಲನಚಿತ್ರವೊಂದಕ್ಕೆ ರಚಿಸಿದ ರಾಗದ ಮೇಲಿನ, ನೀರಿನಂತೆ ಹರಿದುಹೋಗುವ ವರ್ಷಗಳ ಕುರಿತ ಹಾಡನ್ನು ಮೊದಲು ಆರಿಸಿಕೊಳ್ಳಿ; ವಾದ್ಯಗಳು ಕಡಿಮೆಯಿರುವುದರಿಂದ ಕಂಠ ಸ್ಪಷ್ಟವಾಗಿ ಕೇಳಿಸುತ್ತದೆ. ಬಳಿಕ ‘ಕೆಟ್ಟ ಹುಡುಗಿ’ಯನ್ನು ಕೇಳಿದರೆ ಇಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟವಾದೀತು. ‘ಸಂಜೆಸೂರ್ಯನ ಹಾಡ’ನ್ನು ಮಾತ್ರ ಎರಡು ಬಾರಿ, ಒಮ್ಮೆ 1989ರ ಸ್ಟುಡಿಯೋ ಮುದ್ರಣದಲ್ಲಿ, ಒಮ್ಮೆ 2003ರ ರಂಗದ ವಿಡಿಯೋದಲ್ಲಿ ಕೇಳಿ. 1997ರ ‘ಹೆಣ್ಣು ಹೂವು’ ಎಂಬುದು ಚೀನಾದಲ್ಲೆಲ್ಲ ಅವರ ಅತ್ಯಂತ ಪ್ರಸಿದ್ಧ ಗೀತೆಯಾದರೂ ಅದು ಮ್ಯಾಂಡರಿನ್‌ನಲ್ಲಿದೆ. ತಮಗೆ ಬೇಕಿರುವುದು ಕ್ಯಾಂಟನೀಸ್ ಗಾಯಕಿಯಾದ್ದರಿಂದ ಅದನ್ನು ಸದ್ಯಕ್ಕೆ ಬದಿಗಿಡಬಹುದು.